ಭವಾನಿಯ ಉಸಿರು

ಕುಷ್ಟಗಿ ಬಸ್ ನಿಲ್ದಾಣದಲ್ಲಿ ಗುರುಬಸವ ಮೊಬೈಲಿನಲ್ಲಿ ಭವಾನಿ-ವಿಜಯಲಕ್ಷ್ಮಿ ಜೋಡಿಯ ಹಾಡು ಹಚ್ಚಿಕೊಂಡು ಕೂತಿದ್ದ. ಗಿಟಾರು ಹಿಡಿದು ತಾವೇ ಹಾಡು ಕಟ್ಟುವ ತಳಕಲ್ಲಿನ ಈ ಹುಡುಗಿಯರು ಈಗ ಎಲ್ಲರ ಮೊಬೈಲಿನಲ್ಲೂ ಇದ್ದಾರೆ. ಪಕ್ಕದಲ್ಲಿದ್ದ ಯುವತಿ ಮೂತಿ ತಿರುವಿದ್ದು ಕಂಡು ಅವನು ಸದ್ದು ತಗ್ಗಿಸಿದ. ಕಿವಿ ಮಾತ್ರ ಅತ್ತಲೇ ಇಟ್ಟ.

"ಇದು ನಿಮ್ಮ ಭವಾನಿ ಹಾಡಲ್ಲೇನ, ಶಿವಲೀಲಾ?" ಯುವತಿಯ ಜೊತೆಗಿದ್ದ ಅತ್ತಿಗೆ ಕೇಳಿದಳು.

"ಸಣ್ಣಾಕಿ ಇದ್ದಾಗಿಂದ ಮದುವಿ ಮನ್ಯಾಗ ಆಕಿ ಜೋಡಿ ಹಾಡಿದಾಕಿ ನಾನ್ರಿ ವೈನಿ. ಈಗ ಆಕಿಗೆ ವಿಜಯಲಕ್ಷ್ಮಿ ಬೇಕಾಗ್ಯಾಳ."

"ವಿಜಯಲಕ್ಷ್ಮಿ ದನಿನೂ ಛಲೋ ಐತೆಲ್ಲ."

"ಏನ್ ಛಲೋ ಬಿಡ್ರಿ! ಭವಾನಿಗೆ ಉಸುರು ಭಾಳ ಗಿಡ್ಡ. ಸಾಲು ಮುಗಿಯೂದ್ರಾಗ ಏದುಸಿರು ಬಿಡ್ತಾಳ. ಅದು ಮಂದಿಗೆ ಕೇಳಬಾರದಂತ ಸಾಲಿನ ತುದಿ ನಾ ಎತ್ತಿಕೊಳ್ತಿದ್ದೆ. ಈ ವಿಜಯಲಕ್ಷ್ಮಿಗೆ ಅದು ತಿಳಿಯೂದಿಲ್ಲ."

"ಮಂದಿ ಆ ಉಸುರೇ ಛಂದ ಅಂತಾರ. ಕೊಪ್ಪಳದಾಗ ಹುಡುಗ್ರು ಅದನ್ನ ಕೇಳಾಕ ಹಾಡು ಹಚ್ತಾರ."

ಶಿವಲೀಲಾ ಮತ್ತೆ ಮೂತಿ ತಿರುವಿದಳು.

"ಹೊಟ್ಟಿಕಿಚ್ಚು ನಿನಗ."

"ಹೊಟ್ಟಿಕಿಚ್ಚಲ್ರಿ! ನಾ ಮುಚ್ಚಿಟ್ಟದ್ದನ್ನ ಆ ವಿಜಯಲಕ್ಷ್ಮಿ ಊರ ತುಂಬ ಮೆರಸ್ಯಾಳ."

ಗಂಗಾವತಿ ಬಸ್ಸು ಅವರ ಮುಂದೆಯೇ ಬಂದು ನಿಂತಿತು. ಇಬ್ಬರೂ ಚೀಲ ಎತ್ತಿಕೊಂಡು ಎದ್ದರು. ಗುರುಬಸವ ಸದ್ದು ಏರಿಸಿ, ಆ ಉಸಿರು ಬರುವುದನ್ನೇ ಕಾದ. ಸಾಲು ತುದಿಗೆ ಬಂತು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಶಿವಲೀಲಾ, ತಿರುಗಿಯೂ ನೋಡದೆ, ಆ ತುದಿಯನ್ನು ಗಟ್ಟಿ ದನಿಯಲ್ಲಿ ಎತ್ತಿಕೊಂಡಳು.

ಭವಾನಿಯ ಉಸಿರು ಅವನಿಗೆ ಕೇಳಿಸಲೇ ಇಲ್ಲ.