ಹೊರೆ ಎತ್ತಿಸಿದವನು

ಲಾಟೀನಿನ ಬತ್ತಿ ಇಳಿಸ್ರೋ. ಹ್ಞಾಂ... ಅಷ್ಟು ಸಾಕು.

ಮೈಸೂರಿನ ವಾರಪತ್ರಿಕೆಯಲ್ಲಿ ದೆವ್ವದ ಕತೆ ಬರೀತಾನಲ್ಲ ಆ ಮಹಾಶಯ, ನೀವೆಲ್ಲ ಬಾಯಿ ಬಿಟ್ಕೊಂಡು ಓದಿಸಿ ಕೇಳ್ತೀರಲ್ಲ, ಅವನ ಹೆಸರೆತ್ತಿದರೆ ನನಗೆ ಮೈಯೆಲ್ಲ ಉರಿ. ದೆವ್ವ ಚೆನ್ನಾಗೇ ಬರೀತಾನೆ. ಮನುಷ್ಯರನ್ನು ಬರೆಯೋಕೆ ಬರಲ್ಲ. ದೆವ್ವ ಕಂಡ ಕೂಡಲೇ ಗಂಡ ಹೆಂಡತಿಯನ್ನು ಮುಂದಕ್ಕೆ ದಬ್ಬಿ ಓಡ್ತಾನೆ, ಅಣ್ಣ ತಮ್ಮನನ್ನು ಬಾವಿಗೆ ನೂಕ್ತಾನೆ. ವಾರವಾರವೂ ಇದೇ. ಕೊನೆಗೆ 'ಹೆದರಿದ ಮನುಷ್ಯ ಇಷ್ಟೇ' ಅಂತ ಷರಾ ಬೇರೆ! ಯಾವನಯ್ಯ ನೀನು ಷರಾ ಬರೆಯೋಕೆ? ನಮ್ಮ ಹರದನಹಳ್ಳಿ ದಾರಿಯಲ್ಲಿ ಒಂದು ರಾತ್ರಿ ನಡೆದಿದ್ದೀಯಾ?

ನಾನು ನಡೆದಿದ್ದೀನಿ. ಹಾಸನದ ಗರಡಿಯಲ್ಲಿ ಒಂದೇ ದಿನ ಮೂವರನ್ನು ಚಿತ್ ಮಾಡಿದ ಮೈ ಇದು. ಕೇಳಿ.

ಆರು ವರ್ಷದ ಹಿಂದೆ, ಮೂವತ್ತೆಂಟನೇ ಇಸವಿ ಕಾರ್ತೀಕ. ದೊಡ್ಡಪ್ಪನ ಮಗ ದೇವರಾಜಣ್ಣನ ಹೆಂಡತಿ ಅನಸೂಯಮ್ಮನಿಗೆ ಎರಡು ದಿನದಿಂದ ನೋವು, ಹೆರಿಗೆಯಾಗಿಲ್ಲ. ಅಣ್ಣನೂ ನಾನೂ ಪಕ್ಕದೂರಿಗೆ ಹೋಗಿ ಸೂಲಗಿತ್ತಿ ಮಾದಮ್ಮನನ್ನು ಕರಕೊಂಡು ದಾಪುಗಾಲು ಹಾಕ್ತಾ ಬರ್ತಿದ್ದೆವು. ತೆಳು ಬೆಳದಿಂಗಳು. ಆಲದ ಮರದ ಹತ್ತಿರ ಹೊರೆಗಲ್ಲು... ಬಸುರಿಯಾಗಿದ್ದಾಗಲೇ ಸತ್ತವಳೊಬ್ಬಳ ಹೆಸರಲ್ಲಿ ನೆಟ್ಟದ್ದು, ದಾರಿಹೋಕರು ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳಲಿ ಅಂತ. ಎರಡು ಕಂಬ, ಮೇಲೊಂದು ಅಡ್ಡಗಲ್ಲು. ಹಿಂದಿನ ವರ್ಷ ಗಾಡಿ ತಾಗಿ ಅಡ್ಡಗಲ್ಲು ಬಿದ್ದಿತ್ತು. ಎತ್ತಿಡೋಕೆ ಊರಲ್ಲಿ ಒಬ್ಬನಿಗೂ ಪುರುಸೊತ್ತಾಗಿರಲಿಲ್ಲ.

ಜೀರುಂಡೆ ಸುಮ್ಮನಾದವು. ಒಣ ಎಲೆ ಮೇಲೆ ಚರ್... ಚರ್... ಬಳೆ, ಕಿಣ್.

"ಅಣ್ಣಾ... ಹೊರೆ ವಸಿ ಎತ್ಸಣ್ಣಾ..."

ಕಂಬದ ಪಕ್ಕ ತುಂಬು ಬಸುರಿ. ಕಾಲ ಬಳಿ ಸೌದೆ ಹೊರೆ.

ಮಾದಮ್ಮ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಕಲ್ಲಿನವ್ಳು ಕಣಪ್ಪಾ ಕೆಂಪಣ್ಣ... ಅವಳ ಹೊರೆ ಮುಟ್ಟುದ್ರೆ ಹೆರೋಳ್ನ ಕರ್ಕಂಡೋಯ್ತಾಳಂತೆ. ನಡೀರಿ."

"ಅಣ್ಣಾ, ಓಡಾನ ಬಾ," ಅಂದೆ ನಾನು.

"ಲೇ, ಮನೇಲೂ ಒಬ್ಳು ಇಂಗೇ ಒದ್ದಾಡ್ತಾವ್ಳೆ. ಇವಳ್ನ ಎಂಗ್ಲಾ ಬುಟ್ಟೋಗ್ಲಿ?"

"ಅತ್ತಿಗೆ ಸತ್ರೆ?"

ಅಣ್ಣ ನಿಂತ. ಅವನ ಹಲ್ಲು ಕಟಕಟ ಅನ್ನೋದು ನನಗೆ ಕೇಳಿಸ್ತಿತ್ತು. ಆಮೇಲೆ ಹೆಗಲ ಮೇಲಿನ ವಲ್ಲಿ ತೆಗೆದು ಸಿಂಬೆ ಸುತ್ತಿದ. "ತಕ್ಕಳವ್ವಾ, ತಲೆ ಮ್ಯಾಲಿಟ್ಕೊ. ಸೌದೆ ಒತ್ತುತ್ತೆ," ಅಂದ. ಹೊರೆಗೆ ಬಗ್ಗಿದ.

ನಾನು ಓಡಿದೆ.

ಏಯ್ ಬೋರಪ್ಪ, ಹಲ್ಲು ಕಿಸೀಬ್ಯಾಡ ಕಣ್ಲಾ! ಓಡಿದೆ. ಮಾದಮ್ಮನನ್ನೂ ಬಿಟ್ಟು ಓಡಿದೆ. ಆ ಮಹಾಶಯ ನನ್ನನ್ನು ಬರೆದವ್ನೆ, ಸರಿಯಾಗೇ ಬರೆದವ್ನೆ. ಹಲ್ಲು ಕಟಕಟ ಅನ್ನುತ್ತಲೇ ಬಗ್ಗಿದವನು ಎಲ್ಲಿ ಹಾಗಾದ್ರೆ? ಅವನನ್ನು ಯಾಕೆ ಬಿಟ್ಟ? ಅದಕ್ಕೇ ಕಣ್ರೋ ನನಗೆ ಕೋಪ!

ಹಿಂದಿನಿಂದ ಒಂದೇ ಸದ್ದು ಬಂತು. ಭಾರ ತಲೆಗೇರಿದಾಗ ಹೆಂಗಸರು ಬಿಡ್ತಾರಲ್ಲ ಉಸಿರು... "ಹ್ಞುಂ..." ಹೆಜ್ಜೆ ಸದ್ದು ಬರಲೇ ಇಲ್ಲ.

ಅಣ್ಣನೂ ಮಾದಮ್ಮನೂ ನನ್ನ ಹಿಂದೆಯೇ ಮನೆ ಮುಟ್ಟಿದರು. ಕೋಳಿ ಕೂಗುವ ಹೊತ್ತಿಗೆ ಹೆಣ್ಣುಮಗು. ತಾಯಿ, ಮಗು ಇಬ್ಬರೂ ಉಳಿದರು. ಇವತ್ತಿಗೂ ಇದ್ದಾರೆ, ಬೇಕಾದ್ರೆ ಹೋಗಿ ನೋಡಿ.

ಬೆಳಿಗ್ಗೆ ನನಗೆ ಅಣ್ಣನ ಮುಖ ನೋಡೋಕೆ ಆಗಲಿಲ್ಲ. ನಾಲ್ಕಾಳು ಕಟ್ಟಿಕೊಂಡು ಹೋಗಿ, ಮತ್ತೆ ಕಂಬದ ಮೇಲಿಡೋಣ ಅಂತ ಆ ಅಡ್ಡಗಲ್ಲಿಗೆ ಹಾರೆ ಹಾಕಿದೆ. ವರ್ಷದಿಂದ ಬಿದ್ದ ಕಲ್ಲು, ಮಣ್ಣಿಗೆ ಕಚ್ಚಿಕೊಂಡಿತ್ತು. ಸುತ್ತ ಬೆಳೆದ ಗರಿಕೆ ಒಂದೆಸಳೂ ಮುರಿದಿರಲಿಲ್ಲ. ಐವರು ಸೇರಿ ಮೀಟಿ ಎತ್ತಿದೆವು.

ಅಡಿಯಲ್ಲಿ ಅಣ್ಣನ ವಲ್ಲಿ. ಸಿಂಬೆ ಸುತ್ತಿದ್ದು ಬಿಚ್ಚಿರಲಿಲ್ಲ. ಬೆವರಿಗೆ ಒದ್ದೆಯಾಗಿತ್ತು... ಈ ಕೈಯಲ್ಲೇ ಹಿಂಡಿದ್ದೀನಿ.