ಒಣಗಿಸಿದ ಪೆಟ್ಟಿಗೆ

...ಬೇಡ ಬೇಡ, ಮಾತಾಡ್ಬೇಡ ಪುಟ್ಟಿ! ಥೈರಾಯ್ಡ್ ಆಪರೇಷನ್ ಆಗಿ ಮೂರು ದಿನ ಆಗಿಲ್ಲ, ಒಂದು ವಾರ ಸೊಲ್ಲೆತ್ತಕೂಡದು ಅಂದಿದಾರೆ ಡಾಕ್ಟ್ರು. ಏನಿದ್ರೂ ಸ್ಲೇಟಲ್ಲಿ ಬರಿ. ಅಣ್ಣ ಇದೀನಲ್ಲ, ಇಬ್ಬರ ಪಾಲಿನ ಮಾತೂ ನಾನೇ ಆಡ್ತೀನಿ. ...ಯಾಕೆ ನಗ್ತೀಯ? ಚಿಕ್ಕವಳಿದ್ದಾಗ ನಿನ್ನ ಬಾಯಿ ಮುಚ್ಚಿಸೋಕೆ ಮನೆಮಂದಿಯೆಲ್ಲ ಹರಸಾಹಸ ಮಾಡ್ತಿದ್ವಿ. ಈಗ ನೋಡು... ಛೆ, ತಮಾಷೆಗಂದೆ ಕಣೆ. ಬಿಡು.

ಕುತ್ತಿಗೆ ಪಟ್ಟಿ ಬಿಗಿ ಆಯ್ತಾ? ನರ್ಸನ್ನ ಕರೀಲಾ? ...ಸರಿ, ಸರಿ.

ಇದಾ? ಏನಿಲ್ಲ, ನಮ್ಮ ಅಣುಸ್ಥಾವರದ ಆಫೀಸಿನೋರು ಕೊಟ್ಟ ಕಾಗದ. ಒಂದೇ ಸಾಲು. ಆರು ವರ್ಷದ ಹಿಂದೆ, ಆ ದಿನ, ತೂಕದ ಕೋಣೇಲಿ ನೀನೇ ಮಾಸ್ಕ್ ತೆಗೆದಿಟ್ಟಿದ್ದೆ ಅಂತ. ಒಂದು ಸೈನ್ ಹಾಕಿದ್ರೆ ಫೈಲ್ ಮುಚ್ಚಿಹೋಗತ್ತೆ. ...ಹಂಗೆ ನೋಡ್ಬೇಡ. ಗೊತ್ತು ಕಣೆ, ಆ ಕೋಣೇಲಿ ಮಾಸ್ಕ್ ಯಾರೂ ಹಾಕಲ್ಲ. ಗಾಳಿ ಸೋಸೋ ಹೊಸ ಇದ್ದಿಲು ಪೆಟ್ಟಿಗೆ ತೂಗೋ ಜಾಗ, ಅಲ್ಲೇನು ವಿಕಿರಣ? ಆದ್ರೆ ಅವರು ಏನಾದ್ರೂ ಬರೀಬೇಕಲ್ಲ! ಇಲ್ದಿದ್ರೆ ಕೆದಕ್ತಾರೆ. ಓವನ್ ಹಾಕಿದ್ದು ಯಾರು, ಪೆಟ್ಟಿಗೆ ತಂದಿದ್ದು ಯಾರು... ನನಗೆ ನಿವೃತ್ತಿಗೆ ಇನ್ನು ಎಂಟೇ ತಿಂಗಳು.

ನಿನಗೆ ಕೆಲಸ ಕಲಿಸಿದ್ದೇ ನಾನು, ನೆನಪಿದೆಯಾ? ಅಂಗೈ ಮೇಲೆ ನಾಲ್ಕು ಇದ್ದಿಲು ಕಾಳು ಹಾಕಿ ತೋರಿಸಿದ್ದೆ. ಮೈಯೆಲ್ಲ ತೂತು ಕಣೆ, ಕಣ್ಣಿಗೆ ಕಾಣದಷ್ಟು ಸಣ್ಣವು, ಚಿಮಣಿಗೆ ಹೋಗೋ ಗಾಳೀಲಿರೋ ವಿಷದ ಅಯೋಡಿನ್ ಈ ತೂತಲ್ಲಿ ಸಿಕ್ಕಿಕೊಂಡ್ರೆ ಊರು ಬಚಾವ್ ಅಂದೆ. ನೀನು ತಕ್ಷಣ, "ತೂತೆಲ್ಲ ತುಂಬಿದ ಮೇಲೆ ಏನಣ್ಣ?" ಅಂದೆ. ಎಲ್ಲದಕ್ಕೂ ಪ್ರಶ್ನೆ ನಿಂದು! ಹೊಟ್ಟೆ ತುಂಬಿದ ನೆಂಟರು ಏನ್ಮಾಡ್ತಾರೆ, ಎದ್ದು ಹೋಗ್ತಾರೆ ಅಂದೆ ನಾನು. ಎಷ್ಟು ನಕ್ಕಿದ್ವಿ...

ಯಾರನ್ನ ಅಂತ ಬೈಯೋದು ಹೇಳು? ಹೊಸ ಪೆಟ್ಟಿಗೆ, ಹಳೇ ಪೆಟ್ಟಿಗೆ, ನೋಡೋಕೆ ಒಂದೇ. ಕೆಂಪು ಚೀಟಿ ಇದ್ರೆ ವಿಷ ಹೀರಿದ ಹಳೇದು, ಇಲ್ದಿದ್ರೆ ಹೊಸದು. ಚೀಟಿ ಎಲ್ಲೋ ಉದುರಿಹೋಗಿತ್ತು. ಪೆಟ್ಟಿಗೆ ಒದ್ದೆ ಇತ್ತು. ಹೊಸದು ಒದ್ದೆಯಾದ್ರೆ ಓವನ್ನಲ್ಲಿ ಒಣಗಿಸ್ತೀವಲ್ಲ, ಹಂಗೇ ಒಣಗಿಸಿದ್ರು. ಯಾರೋ. ಹೊಸದಾದ್ರೆ ನೀರು ಹೋಗತ್ತೆ ಅಷ್ಟೆ. ಹಳೇದು ಕಾಯಿಸಿದ್ರೆ... ಹಿಡಿದಿಟ್ಟದ್ದನ್ನೆಲ್ಲ ವಾಪಸ್ ಬಿಟ್ಟುಬಿಡತ್ತೆ. ಪಕ್ಕದ ಮೇಜಲ್ಲೇ ಕೂತು ನೀನು ತೂಕ ಬರ್ಕೊಳ್ತಿದ್ದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಯಾರಿಗೆ ಗೊತ್ತಾಗ್ಬೇಕು? ಗೊತ್ತಾಗಿದ್ದೇ ಮೂರನೇ ದಿನ, ವಿಕಿರಣದ ಮೀಟರ್ ನೋಡಿದಾಗ. ದೇವರಾಣೆ!

ಮೊದಲೇ ಗೊತ್ತಾಗಿದ್ರೆ ನಿನಗೆ ಅಯೋಡಿನ್ ಮಾತ್ರೆ ಕೊಡ್ತಿರ್ಲಿಲ್ವಾ? ಕುತ್ತಿಗೆಯ ಥೈರಾಯ್ಡ್ ಗ್ರಂಥೀನೂ ಆ ಕಾಳಿನ ಥರಾನೇ ಕಣೆ. ಒಳ್ಳೆ ಅಯೋಡಿನ್ ಮೊದಲು ತುಂಬಿಸಿಬಿಟ್ರೆ ಕೆಟ್ಟದ್ದಕ್ಕೆ ಜಾಗಾನೇ ಇರಲ್ಲ. ತಡ ಮಾಡದೆ ನುಂಗ್ಬೇಕು ಅಷ್ಟೆ. ಬಾಯೆಲ್ಲ ಕಹಿ, ಉಪ್ಪುಪ್ಪು... ಆ ದಿನ ಸಂಜೆ ಊಟಾನೇ ಸೇರ್ಲಿಲ್ಲ ನಂಗೆ...

...ಏನು?

ಇಲ್ಲ, ಆ ದಿನ ಅಂದ್ರೆ... ಆ ದಿನ ಅಲ್ಲ. ಟ್ರೈನಿಂಗ್ ದಿನ. ಟ್ರೈನಿಂಗಲ್ಲಿ ಎಲ್ಲರಿಗೂ ಒಂದೊಂದು... ನಿನಗೂ ಕೊಟ್ಟಿದ್ರಲ್ಲ? ...ಕೊಟ್ಟಿರ್ಲಿಲ್ವಾ?

ಪುಟ್ಟಿ. ಬರಿ. ಬೈದು ಬರಿ, ಏನಾದ್ರೂ ಬರಿ. ಬಳಪ ಯಾಕೆ ಕೆಳಗಿಟ್ಟೆ? ಕೈ ಬಿಡಿಸ್ಕೋಬೇಡ್ವೇ... ಚೀಟಿ ಓವನ್ ಕೆಳಗೇ ಬಿದ್ದಿತ್ತು. ನಾನು ಓವನ್ ಹಾಕಿ ಅರ್ಧ ಗಂಟೆ ಆದ್ಮೇಲೆ ನೋಡಿದೆ. ಓಡಿಹೋಗಿ ಮಾತ್ರೆ ನುಂಗಿದೆ. ಒಂದೇ ಮಾತ್ರೆ ಇತ್ತು ಕಣೆ ನನ್ನ ಹತ್ರ, ಒಂದೇ ಒಂದು...

ಇಲ್ಲ. ಡಬ್ಬಿ ತುಂಬ ಇತ್ತು.

ಕೊಟ್ಟಿದ್ರೆ ನೀನು "ಯಾಕಣ್ಣ" ಅಂತ ಕೇಳ್ತಿದ್ದೆ.