ಔಷಧಿಯೋ ಸಕ್ಕರೆ ನೀರೋ

ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಬಾಗಲೂರು ಬಸ್ಸಿಗೆ ಕಾಯುತ್ತಿದ್ದ ಚಂದ್ರಲೇಖಾಳ ಪಕ್ಕಕ್ಕೆ ಯಾರೋ ಅತ್ತೆ, ಸೊಸೆ ಬಂದು ಕೂತರು. ಸೊಸೆಯ ತೊಡೆಯ ಮೇಲೆ ನಾಲ್ಕು ವರ್ಷದ ಹೆಣ್ಣುಮಗು ಮಲಗಿತ್ತು. ಅದರ ಕಾಲುಗಳೆರಡೂ ಬಲವಿಲ್ಲದೆ ಜೋತುಬಿದ್ದಿದ್ದವು.

"ಡಾಕ್ಟ್ರು ಏನಂದ್ರು, ಇನ್ನೊಂದ್ಸಲ ಹೇಳು ಸಹನಾ," ಅಂದಳು ಅತ್ತೆ.

"ಬೆನ್ನುಹುರಿ ತೊಂದ್ರೆ ಇರೋ ಮಕ್ಕಳ್ಗೆ ಹೊಸ ಔಷಧಿ ಕೊಟ್ಟು ನೋಡ್ತಾವ್ರೆ ಅತ್ತೆ. ಅರ್ಧ ಮಕ್ಕಳ್ಗೆ ಔಷಧಿ, ಇನ್ನರ್ಧ ಮಕ್ಕಳ್ಗೆ ಬರೀ ಸಕ್ಕರೆ ನೀರು."

"ನಮ್ ಭೂಮಿಕಾಗೆ ಯಾವ್ದು?"

"ಗೊತ್ತಿಲ್ಲ."

"ಅವ್ರನ್ನೇ ಕೇಳ್ಬೇಕಿತ್ತು."

"ಕೇಳ್ದೆ. ಅವ್ರಿಗೂ ಗೊತ್ತಿಲ್ವಂತೆ. ಗೊತ್ತಾದ್ರೆ ಪರೀಕ್ಷೆ ಕೆಟ್ಟೋಯ್ತದಂತೆ."

"ಕೊಡೋರ್ಗೇ ಗೊತ್ತಿಲ್ದೆ ಕೊಡ್ತಾರಾ?"

ಚಂದ್ರಲೇಖಾಗೂ ಅದು ಬಗೆಹರಿಯಲಿಲ್ಲ.

"ಮೊನ್ನೆ ಕಾಲ್ಬೆರಳು ಅಲ್ಲಾಡಿಸ್ತಲ್ಲ, ಹಂಗಾರೆ ಔಷಧೀನೇ ಇರ್ಬೇಕು," ಅಂದಳು ಅತ್ತೆ.

"ಅದ್ನೂ ಹೇಳ್ದೆ. ಬರ್ಕೊಂಡ್ರು. ಅಷ್ಟಕ್ಕೇ ಏನೂ ಹೇಳಾಕಾಗಲ್ಲ ಅಂದ್ರು. ಇನ್ನಾರು ತಿಂಗಳು ಬತ್ತೀರಾ, ಬಿಡ್ತೀರಾ, ನಿಮ್ಮಿಷ್ಟ ಅಂದ್ರು."

ಅತ್ತೆ ಮೊಮ್ಮಗಳ ಪಾದವನ್ನು ಅಂಗೈಲಿ ಹಿಡಿದುಕೊಂಡಳು.

"ಬರಾನ, ಬ್ಯಾಡ್ವಾ, ನೀವೇ ಹೇಳಿ. ಬರೀ ನೀರೇ ಆಗಿದ್ರೆ?"

"ನೀರೇ ಆಗಿದ್ರೆ, ಔಷಧಿ ಇನ್ಯಾರ್ದೋ ಮಗೀಗೆ ಸಿಕ್ಕೈತೆ ಅಂತ ತಾನೆ."

"ಅದ್ಕೆ ನಾನು ಸಂತೋಷ ಪಡ್ಬೇಕಾ ಅತ್ತೆ?"

"ನಂಗೂ ತಿಳೀತಿಲ್ಲ ಕಣವ್ವ."

ಕೃಷ್ಣಗಿರಿ ಬಸ್ಸು ಬಂತು. ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

"ಬರೋ ತಿಂಗಳು ಯಾವತ್ತು ಬರಾಕ್ ಹೇಳವ್ರೆ?" ಹಿಂದೆಯೇ ಮೆಟ್ಟಿಲು ಹತ್ತುತ್ತಾ ಅತ್ತೆ ಕೇಳಿದಳು.